ದೂರದ ಎದುರಾಳಿ ಮತ್ತು ದುರ್ಗದ ಮುತ್ತಿಗೆ: ಚಾರಿತ್ರಿಕ ಯುದ್ಧದಾಟಗಳ ಆಯ್ಕೆಯನ್ನು ಕುರಿತು

ನಡೆದುಹೋದ ಯುದ್ಧವೊಂದನ್ನು ಕಂಪ್ಯೂಟರಿನಲ್ಲಿ ಮತ್ತೆ ಹೂಡಿ, ಬೇರೊಂದು ಊರಿನಲ್ಲಿರುವ ಎದುರಾಳಿಯೊಡನೆ ಆಡುವ ಆಟಗಳು ಇಂದು ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಇವುಗಳನ್ನು ಕೇವಲ ಕಾಲಹರಣವೆಂದು ಕಡೆಗಣಿಸುವ ಅಧ್ಯಾಪಕರುಂಟು. ಚರಿತ್ರೆಯನ್ನು ಶ್ರಮವಿಲ್ಲದೆ ಕಲಿಸುವ ಸಾಧನವೆಂದು ಹೊಗಳುವವರೂ ಉಂಟು. ಈ ಎರಡು ಅಭಿಪ್ರಾಯಗಳಲ್ಲಿಯೂ ಒಂದು ಕೊರತೆ ಸಮಾನವಾಗಿದೆ: ಒಂದು ಆಟಕ್ಕೂ ಇನ್ನೊಂದು ಆಟಕ್ಕೂ ಇರುವ ಭೇದವನ್ನು ಇವು ಪರಿಶೀಲಿಸುವುದಿಲ್ಲ. ಕಾವ್ಯವನ್ನು ಓದತಕ್ಕವನು ಕಾವ್ಯದಲ್ಲಿ ಒಳ್ಳೆಯದು ಯಾವುದು, ಸಾಮಾನ್ಯವಾದುದು ಯಾವುದು ಎಂದು ವಿವೇಚಿಸುವಂತೆ, ಆಟವನ್ನು ಆರಿಸತಕ್ಕವನಿಗೂ ಒಂದು ವಿಮರ್ಶೆಯ ಅಳತೆಗೋಲು ಬೇಕು. ಅಂತಹ ಅಳತೆಗೋಲನ್ನು ಹುಡುಕುವುದು ಈ ಲೇಖನದ ಉದ್ದೇಶ.

ಹುಡುಕಾಟ ಬರಿಯ ತತ್ತ್ವವಿಚಾರವಾಗದಿರಲು ಒಂದು ನಿರ್ದಿಷ್ಟ ಪ್ರಸಂಗವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರುಗಳಲ್ಲಿರುವ ವಿದ್ಯಾರ್ಥಿಗಳು, ತಮ್ಮ ತಮ್ಮ ಊರುಗಳಲ್ಲಿಯೇ ಇದ್ದುಕೊಂಡು, ತಮ್ಮ ನಾಡಿನ ಯುದ್ಧವೊಂದನ್ನು ಪರಸ್ಪರ ಎದುರಾಳಿಗಳಾಗಿ ಆಡಬೇಕೆಂದು ಬಯಸಿದರೆ ಯಾವ ಆಟವನ್ನು ಆರಿಸಬೇಕು? ಆ ಯುದ್ಧ ಯಾವುದೆಂಬುದರಲ್ಲಿ ಸಂದೇಹವಿಲ್ಲ. ಈ ಸೀಮೆಯ ಚರಿತ್ರೆಯಲ್ಲಿ ೧೭೭೭ರಿಂದ ೧೭೭೯ರವರೆಗೆ ಹೈದರಾಲಿಗೂ ಮದಕರಿನಾಯಕನಿಗೂ ನಡೆದ ಹೋರಾಟಕ್ಕಿಂತ ಹೆಚ್ಚಿನದು ಮತ್ತೊಂದಿಲ್ಲ.

ಮೊದಲು ಈ ಬಗೆಯ ಆಟಗಳ ಪೂರ್ವೋತ್ತರವನ್ನು ಸಂಕ್ಷೇಪವಾಗಿ ನೋಡಬಹುದು. ಸೇನೆಯ ನಾಲ್ಕು ಅಂಗಗಳನ್ನು ಮಣೆಯ ಮೇಲಿರಿಸಿದ ಚತುರಂಗ ನಮ್ಮ ದೇಶದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಮಣೆಯಾಟಗಳಿಗೆ ಸ್ಥಾನ ದೊರೆತಿರುವುದು ಆ ಪರಂಪರೆಗೆ ಮೈಸೂರಿನ ಸಾಕ್ಷಿ. ಆದರೆ ಚತುರಂಗದಲ್ಲಿ ಇಬ್ಬರಿಗೂ ಎಲ್ಲವೂ ಕಾಣುತ್ತದೆ; ಶತ್ರುವಿನ ಕುದುರೆ ಎಲ್ಲಿದೆಯೆಂಬುದು ಗುಟ್ಟಲ್ಲ. ೧೮೨೪ರಲ್ಲಿ ಪ್ರಷ್ಯದ ಸೈನ್ಯವು ಅಂಗೀಕರಿಸಿದ ರೈಸ್‌ವಿಟ್ಸ್‌ನ ‘ಕ್ರೀಗ್‌ಸ್ಪೀಲ್’ ಈ ನಿಯಮವನ್ನು ಬದಲಾಯಿಸಿತು. ಅದರಲ್ಲಿ ಒಬ್ಬ ಮಧ್ಯಸ್ಥನಿರುವನು. ಆಟಗಾರರು ತಮ್ಮ ಅಪ್ಪಣೆಗಳನ್ನು ಬರೆದು ಅವನಿಗೆ ಕೊಡುವರು. ಶತ್ರುವಿನ ಚಲನೆಯಲ್ಲಿ ಯಾವುದು ತಮಗೆ ತಿಳಿಯಬಹುದೋ ಅಷ್ಟನ್ನು ಮಾತ್ರ ಅವನು ತಿಳಿಸುವನು. ಮುಂದೆ ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ ೧೯೫೪ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಮಣೆಯಾಟವನ್ನೂ ೧೯೫೮ರಲ್ಲಿ ‘ಗೆಟಿಸ್‌ಬರ್ಗ್’ ಎಂಬುದನ್ನೂ ಹೊರತಂದಮೇಲೆ ಇಂತಹ ಆಟಗಳು ಸೈನಿಕರಿಂದ ಸಾಮಾನ್ಯರ ಕೈಗೆ ಬಂದವು. ೧೯೫೯ರಲ್ಲಿ ಅಚ್ಚಾದ ಕ್ಯಾಲಮರ್‌ನ ‘ಡಿಪ್ಲೊಮೆಸಿ’ಯನ್ನು ೧೯೬೩ರಿಂದ ಅಂಚೆಯ ಮೂಲಕ ಆಡುವ ಪದ್ಧತಿ ಬೆಳೆಯಿತು. ೧೯೮೦ರ ‘ಕಂಪ್ಯೂಟರ್ ಬಿಸ್ಮಾರ್ಕ್’ನಿಂದ ಮೊದಲುಗೊಂಡು ಈ ಕಲೆ ಕಂಪ್ಯೂಟರನ್ನು ಆಶ್ರಯಿಸಿತು, ಅಂಚೆಯ ಕಾಗದದ ಸ್ಥಾನಕ್ಕೆ ಇ-ಮೇಲ್ ಬಂದಿತು. ಆದುದರಿಂದ ದೂರದ ಎದುರಾಳಿಯೊಡನೆ ಆಡುವುದು ಹೊಸದೇನೂ ಅಲ್ಲ. ಬರೆದ ಅಪ್ಪಣೆ, ಮರೆಯಲ್ಲಿರುವ ಶತ್ರು, ತಡವಾಗಿ ಬರುವ ಸುದ್ದಿ ಎಂಬ ಮೂರು ಅಂಶಗಳು ಈ ವಂಶಕ್ಕೆ ಮೊದಲಿನಿಂದಲೂ ಸೇರಿವೆ.

ಇನ್ನು ಪರೀಕ್ಷೆಗೆ ಆರಿಸಿಕೊಂಡ ಯುದ್ಧ. ತಿಮ್ಮಣ್ಣನಾಯಕನು ಮೊದಲು ಹೊಳಲ್ಕೆರೆಗೆ, ಬಳಿಕ ಹಿರಿಯೂರಿಗೆ, ಕೊನೆಗೆ ಚಿತ್ರದುರ್ಗಕ್ಕೆ ನಾಯಕನಾದನೆಂದು ಪಾಳೆಯಗಾರರ ಐತಿಹ್ಯ ಹೇಳುತ್ತದೆ; ಈ ಊರುಗಳ ಸಂಬಂಧ ಅಷ್ಟು ಹಳೆಯದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸಂಸ್ಥಾನದ ಎರಡು ಪಕ್ಕಗಳೂ ಮುಚ್ಚಿಹೋದವು. ೧೭೬೧ರಲ್ಲಿ ಶಿರಾ, ೧೭೬೩ರಲ್ಲಿ ಬಿದನೂರು ಹೈದರನ ವಶವಾದವು. ಶಿರಾದಿಂದ ಬರುವ ದಾರಿ ಹಿರಿಯೂರಿನ ಮೇಲೆ ಹಾಯ್ದು ದುರ್ಗವನ್ನು ಮುಟ್ಟುತ್ತದೆ. ಬಿದನೂರು, ಶಿವಮೊಗ್ಗೆಗಳ ಕಡೆಯ ದಾರಿ ಹೊಳಲ್ಕೆರೆಯ ಮಗ್ಗುಲಿನದು. ಈ ಎರಡು ದಾರಿಗಳ ನಡುವೆ ಚಿತ್ರದುರ್ಗ ಉಳಿದುಕೊಂಡಿತ್ತು. ಉತ್ತರದಲ್ಲಿ ಮರಾಠರು, ದಕ್ಷಿಣದಲ್ಲಿ ಹೈದರ್. ಮದಕರಿನಾಯಕನು ಒಮ್ಮೆ ಒಬ್ಬರ ಪಕ್ಷವನ್ನೂ ಒಮ್ಮೆ ಇನ್ನೊಬ್ಬರ ಪಕ್ಷವನ್ನೂ ಹಿಡಿಯಬೇಕಾಯಿತು. ೧೭೭೦ರಲ್ಲಿ ಪೇಶ್ವೆ ಮಾಧವರಾಯನು ನಿಜಗಲ್ಲನ್ನು ಮುತ್ತಿದಾಗ ದುರ್ಗದ ಪಡೆ ಪೇಶ್ವೆಯ ಕಡೆ ಹೋರಾಡಿತು.

೧೭೭೭ರಲ್ಲಿ ಹೈದರನು ದುರ್ಗವನ್ನು ಮುತ್ತಿದನು. ಏಳುಸುತ್ತಿನ ಕೋಟೆ ತಿಂಗಳುಗಟ್ಟಲೆ ನಿಂತಿತು. ಪುಣೆಯ ಸೈನ್ಯ ಸಮೀಪಿಸುತ್ತಿದೆಯೆಂಬ ಸುದ್ದಿ ಬಂದಾಗ ಹೈದರನು ಭಾರಿ ಹಣದ ಕರಾರಿನ ಮೇಲೆ ಒಪ್ಪಂದ ಮಾಡಿಕೊಂಡು ಮರಾಠರನ್ನು ಎದುರಿಸಲು ಹೊರಟನು. ಮದಕರಿನಾಯಕನು ಅವನ ಕರೆಗೆ ಓಗೊಟ್ಟು ಕೂಡಲೇ ಹೋಗಿ ಸೇರಲಿಲ್ಲ. ಯಾರು ಗೆಲ್ಲುವರೆಂದು ಕಾದನು. ಮರಾಠರು ಹಿಂದಿರುಗಿದರು, ಹೈದರನು ಮತ್ತೆ ದುರ್ಗದ ಮುಂದೆ ಬಂದನು. ೧೭೭೯ರಲ್ಲಿ ಕೋಟೆ ಬಿದ್ದಿತು. ಗೋಡೆ ಒಡೆದು ಬಿದ್ದುದಲ್ಲ. ನಾಯಕನ ಸೇವೆಯಲ್ಲಿದ್ದ ಸೈನಿಕರಲ್ಲಿ ಒಂದು ಪಂಗಡ ಪಕ್ಷಾಂತರ ಮಾಡಿದುದೇ ಪತನಕ್ಕೆ ಕಾರಣವೆಂದು ವಿಲ್ಕ್ಸ್ ಮತ್ತು ಅವನನ್ನು ಅನುಸರಿಸಿದ ರೈಸ್ ಅವರ ಗ್ಯಾಸೆಟಿಯರ್ ಹೇಳುತ್ತವೆ. ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸುಮಾರು ೨೦,೦೦೦ ಬೇಡರನ್ನು ಈ ಸೀಮೆಯಿಂದ ಎಬ್ಬಿಸಿ ಅದೇ ದ್ವೀಪಕ್ಕೆ ಒಯ್ದರೆಂದೂ, ಅವರಲ್ಲಿನ ಹುಡುಗರನ್ನು ‘ಚೇಲಾ’ ಪಡೆಗಳಾಗಿ ಮಾಡಿದರೆಂದೂ ಅದೇ ಗ್ಯಾಸೆಟಿಯರಿನಿಂದ ತಿಳಿದುಬರುತ್ತದೆ.

ಈ ವೃತ್ತಾಂತವನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದುರ್ಗದ ಭವಿಷ್ಯವನ್ನು ನಿರ್ಣಯಿಸಿದ ಕಾರಣಗಳಲ್ಲಿ ಫಿರಂಗಿಯ ಪಾಲು ಚಿಕ್ಕದು. ಕಾಲ, ಸುದ್ದಿ, ನಂಬಿಕೆ ಎಂಬ ಮೂರು ದೊಡ್ಡವು. ಮರಾಠರು ಎಂದು ಬರುವರು? ಬಂದರೂ ನಿಲ್ಲುವರೇ? ಹೈದರನು ಮಾತನ್ನು ನಡೆಸುವನೇ? ಕೋಟೆಯೊಳಗಿನವರು ಎಷ್ಟು ಕಾಲ ನಿಷ್ಠರಾಗಿರುವರು? ನಾಯಕನು ಉತ್ತರಿಸಬೇಕಾಗಿದ್ದ ಪ್ರಶ್ನೆಗಳು ಇವು. ಇವುಗಳಿಗೆ ಉತ್ತರ ತಿಳಿಯದೆಯೇ ಅವನು ನಿರ್ಧಾರ ಮಾಡಬೇಕಾಗಿದ್ದಿತು. ಆದುದರಿಂದ ನಮ್ಮ ಅಳತೆಗೋಲು ಇದು: ಯಾವ ಆಟದಲ್ಲಿ ಆಟಗಾರನು ಇಂತಹ ಅಜ್ಞಾನದಲ್ಲಿ ಕಾಯಬೇಕಾಗುವುದೋ, ಕಾಯುವುದಕ್ಕೆ ಬೆಲೆ ತೆರಬೇಕಾಗುವುದೋ, ಆ ಆಟವು ಈ ಯುದ್ಧಕ್ಕೆ ಹತ್ತಿರವಾದುದು.

ದೂರದಿಂದ ಆಡುವ ಆಟಗಳಲ್ಲಿ ಮುಖ್ಯವಾಗಿ ಎರಡು ಬಗೆ. ಇಬ್ಬರೂ ಒಂದೇ ಹೊತ್ತಿನಲ್ಲಿ ಕುಳಿತು ಆಡುವುದು ಒಂದು. ಒಬ್ಬನು ತನ್ನ ಸರದಿಯನ್ನು ಮುಗಿಸಿ ಕಳುಹಿಸಿ, ಇನ್ನೊಬ್ಬನು ತನಗೆ ಬಿಡುವಾದಾಗ ಅದನ್ನು ತೆರೆದು ಉತ್ತರ ಕೊಡುವುದು ಇನ್ನೊಂದು. ಮೊದಲನೆಯದನ್ನು ಸಮಕಾಲದ ಆಟವೆಂದೂ ಎರಡನೆಯದನ್ನು ಓಲೆಯಾಟವೆಂದೂ ಕರೆಯಬಹುದು. ಇವುಗಳಲ್ಲಿ ಪ್ರಸಿದ್ಧವಾದ ಕೆಲವನ್ನು ಈಗ ಪರಿಶೀಲಿಸೋಣ.

‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಆಟ ೧೯೯೯ರಲ್ಲಿ ಹೊರಬಂದಿತು, ೨೦೧೯ರಲ್ಲಿ ಪರಿಷ್ಕೃತವಾಯಿತು. ೨೦೨೨ರ ‘ಡೈನಸ್ಟೀಸ್ ಆಫ್ ಇಂಡಿಯ’ ಎಂಬ ಅನುಬಂಧದಲ್ಲಿ ದ್ರಾವಿಡ, ಬಂಗಾಳ, ಗುರ್ಜರ ಪಕ್ಷಗಳು ಸೇರಿ, ರಾಜೇಂದ್ರ ಚೋಳನ ದಂಡಯಾತ್ರೆಯೂ ಬಂದಿತು. ನಮ್ಮ ವಿದ್ಯಾರ್ಥಿಗಳಿಗೆ ಅತ್ಯಂತ ಪರಿಚಿತವಾದುದು ಇದೇ. ಎದುರಾಳಿಗಳು ಯಥೇಚ್ಛವಾಗಿ ದೊರೆಯುತ್ತಾರೆ. ಒಂದು ಆಟ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಗೋಡೆ ಕಟ್ಟುವುದೂ ಅದನ್ನು ಒಡೆಯುವ ಯಂತ್ರಗಳೂ ಇದರಲ್ಲಿವೆ. ಆದರೆ ಒಮ್ಮೆ ಹುಟ್ಟಿದ ಸೈನಿಕನಿಗೆ ಮುಂದೆ ಅನ್ನ ಬೇಡ. ಗೋಡೆಯೊಳಗೆ ಸಿಕ್ಕಿಬಿದ್ದ ಪಡೆ ಹಸಿಯುವುದಿಲ್ಲ, ಬೇಸರಪಡುವುದಿಲ್ಲ, ಪಕ್ಷ ಬದಲಾಯಿಸುವುದೂ ಇಲ್ಲ. ಪಾದ್ರಿ, ಸನ್ಯಾಸಿಗಳ ರೂಪದ ಕಾಯಿಗಳು ಶತ್ರುವನ್ನು ತಮ್ಮ ಕಡೆ ಎಳೆದುಕೊಳ್ಳುವುದುಂಟಾದರೂ ಅದು ಮಂತ್ರವೇ ಹೊರತು ರಾಜಕಾರಣವಲ್ಲ. ಕೈಚಳಕಕ್ಕೆ ಇಲ್ಲಿ ಮೊದಲ ಪ್ರಾಶಸ್ತ್ಯ. ಆಟವಾಗಿ ಇದು ಉತ್ತಮವೇ. ಮುತ್ತಿಗೆಯ ಚಿತ್ರವಾಗಿ ಬಡವಾದುದು.

‘ಎಂಪೈರ್: ಟೋಟಲ್ ವಾರ್’ (೨೦೦೯) ನಮ್ಮ ಪ್ರಸಂಗದ ಕಾಲಕ್ಕೇ ಸೇರಿದುದು. ೧೭೦೦ರಿಂದ ಮೊದಲಾಗುವ ಅದರ ಭೂಪಟದಲ್ಲಿ ಭಾರತವಿದೆ. ಮರಾಠರ ಪಕ್ಷವನ್ನು ಆಟಗಾರನೇ ವಹಿಸಬಹುದು. ಆದರೆ ಇದರ ದಂಡಯಾತ್ರೆಯಲ್ಲಿ ಒಂದು ವರ್ಷಕ್ಕೆ ಎರಡೇ ಸರದಿಗಳು. ಹೈದರನು ದುರ್ಗವನ್ನು ಮುತ್ತಿ, ಮರಾಠರ ಸುದ್ದಿ ಕೇಳಿ, ಒಪ್ಪಂದ ಮಾಡಿಕೊಂಡು ಹೊರಟುದೆಲ್ಲವೂ ಒಂದೆರಡು ಸರದಿಗಳಲ್ಲಿ ಕರಗಿಹೋಗುತ್ತದೆ. ದೂರದ ಎದುರಾಳಿಯೊಡನೆ ಆಡುವುದಕ್ಕೆ ಮುಖ್ಯವಾಗಿ ದೊರೆಯುವುದೂ ಬಿಡಿ ಕಾಳಗಗಳೇ; ಕಾಳಗದ ಹಿಂದುಮುಂದಿನ ರಾಜಕಾರಣ ಹೊರಗುಳಿಯುತ್ತದೆ. ಕಾಲ ಸರಿಯಾಗಿದ್ದರೂ ಕಾಲದ ಅಳತೆ ಸರಿಯಿಲ್ಲದ ಆಟ ಇದು.

‘ಯೂರೋಪ ಯೂನಿವರ್ಸಾಲಿಸ್’ನ ನಾಲ್ಕನೆಯ ಆಟ (೨೦೧೩) ಹೆಚ್ಚು ಗೌರವಕ್ಕೆ ಪಾತ್ರವಾದುದು. ೧೪೪೪ರಿಂದ ೧೮೨೧ರವರೆಗಿನ ಜಗತ್ತು ಅದರ ಹರಹು. ವಿಜಯನಗರವೂ ಮೈಸೂರೂ ಅದರಲ್ಲಿವೆ. ದಿನಗಳು ಒಂದೊಂದಾಗಿ ಸಾಗುತ್ತವೆ. ಮುತ್ತಿಗೆಯ ಫಲವನ್ನು ಕಂಪ್ಯೂಟರ್ ದಾಳ ಉರುಳಿಸಿದಂತೆ ಕಾಲಕಾಲಕ್ಕೆ ನಿರ್ಣಯಿಸುತ್ತದೆ. ಸಾಮಗ್ರಿಯ ಕೊರತೆ, ಆಹಾರದ ಕೊರತೆ, ನೀರಿನ ಕೊರತೆ, ರಕ್ಷಕರ ಪಲಾಯನ, ಗೋಡೆಯ ಬಿರುಕು ಎಂಬ ಹಂತಗಳು ಅದರಲ್ಲಿವೆ. ಮುತ್ತಿದವರ ಪಾಳೆಯದಲ್ಲಿ ರೋಗ ಹಬ್ಬುವುದೂ ಉಂಟು. ಕೋಟೆಗಳು ಹೇಗೆ ಬೀಳುತ್ತವೆಂಬುದನ್ನು ಬಲ್ಲವರು ಇದನ್ನು ರಚಿಸಿದ್ದಾರೆ. ಆದರೂ ಎರಡು ಆಕ್ಷೇಪಗಳಿವೆ. ಎಲ್ಲ ಕೋಟೆಗೂ ಒಂದೇ ದಾಳವಾದುದರಿಂದ ಸ್ಥಳವಿಶೇಷ ಮರೆಯಾಗುತ್ತದೆ. ಅಕ್ಕ-ತಂಗಿಯರ ಹೊಂಡ, ಗೋಪಾಲಸ್ವಾಮಿಹೊಂಡಗಳಂತಹ ನೀರಿನ ಆಸರೆಗಳಿಂದ ಮಳೆನೀರನ್ನು ಹಿಡಿದಿಟ್ಟ ದುರ್ಗವನ್ನು ಬಾಯಾರಿಕೆಯಿಂದ ಬೀಳಿಸುವುದು ಸುಲಭವಲ್ಲ. ಆಟಕ್ಕೆ ಆ ಭೇದ ಗೊತ್ತಿಲ್ಲ. ಎರಡನೆಯದಾಗಿ, ಕೋಟೆಯೊಳಗಿನವರ ಪಲಾಯನ ಇಲ್ಲಿ ಕೇವಲ ಆಕಸ್ಮಿಕ. ಅವರನ್ನು ಒಲಿಸಿಕೊಳ್ಳುವುದಾಗಲಿ ಕಳೆದುಕೊಳ್ಳುವುದಾಗಲಿ ಆಟಗಾರನ ನಡತೆಯ ಫಲವಲ್ಲ. ಇದಲ್ಲದೆ ಎಲ್ಲರೂ ಒಂದೇ ಹೊತ್ತಿನಲ್ಲಿ ಅನೇಕ ಗಂಟೆಗಳ ಕಾಲ, ಹಲವು ವಾರಗಳವರೆಗೆ ಕೂಡಬೇಕು. ನಾಲ್ಕು ಊರುಗಳಲ್ಲಿ ಒಂದರಲ್ಲಿ ವಿದ್ಯುತ್ತು ಹೋದರೂ ಆಟ ನಿಂತಿತು.

ಓಲೆಯಾಟಗಳಲ್ಲಿ ‘ಫೀಲ್ಡ್ ಆಫ್ ಗ್ಲೋರಿ’ಯ ಎರಡನೆಯ ಆಟ (೨೦೧೭) ಹೊಸಬರಿಗೆ ತಕ್ಕದ್ದು. ಆಟಗಾರನ ಸರದಿ ಪ್ರಕಾಶಕರ ಕೇಂದ್ರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಎದುರಾಳಿ ಮರುದಿನ ತೆರೆದರೂ ಆಯಿತು. ಈ ಏರ್ಪಾಟಿಗೆ ಒಂದು ನೈತಿಕ ಪ್ರಯೋಜನವೂ ಇದೆ. ಕಡತಗಳನ್ನು ನೇರವಾಗಿ ಇ-ಮೇಲಿನಲ್ಲಿ ವಿನಿಮಯಮಾಡಿಕೊಳ್ಳುವ ಹಳೆಯ ಪದ್ಧತಿಯಲ್ಲಿ, ಫಲ ಹಿಡಿಸದಿದ್ದರೆ ಅದೇ ಸರದಿಯನ್ನು ಗುಟ್ಟಾಗಿ ಮತ್ತೆ ಆಡಿನೋಡುವ ಮೋಸಕ್ಕೆ ಎಡೆಯಿದ್ದಿತು. ಇಲ್ಲಿ ಅದಕ್ಕೆ ಅವಕಾಶ ಕಡಮೆ. ಆದರೆ ಈ ಆಟದ ವಿಷಯ ಪ್ರಾಚೀನ ಕಾಲದ ಬಯಲು ಕಾಳಗ. ೧೭೪೮ರ ಮಾಯಕೊಂಡದ ಕಾಳಗದಂತಹ ಪ್ರಸಂಗಕ್ಕೆ ಇದರ ಭಾವ ಹೊಂದಬಹುದು, ಆಯುಧಗಳು ಹೊಂದುವುದಿಲ್ಲ. ಮುತ್ತಿಗೆಯಂತೂ ಇದರಲ್ಲಿ ಇಲ್ಲ.

ಉಳಿದುದು ನಾರ್ಮ್ ಕೋಗರ್‌ನ ‘ದಿ ಆಪರೇಷನಲ್ ಆರ್ಟ್ ಆಫ್ ವಾರ್’. ಮೊದಲು ೧೯೯೮ರಲ್ಲಿ ಬಂದ ಇದರ ನಾಲ್ಕನೆಯ ಆವೃತ್ತಿ ೨೦೧೭ರದು. ನೋಟಕ್ಕೆ ಇದು ಆಕರ್ಷಕವಲ್ಲ. ಷಟ್ಕೋಣದ ಮನೆಗಳು, ಚೌಕಾಕಾರದ ಬಿಲ್ಲೆಗಳು, ಅಂಕಿಗಳು. ಇದರ ಆಯುಧಪಟ್ಟಿಯೂ ಮುಖ್ಯವಾಗಿ ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳದು. ಇಷ್ಟು ಕೊರತೆಯಿದ್ದರೂ ಇದಕ್ಕೆ ನಾಲ್ಕು ಗುಣಗಳಿವೆ: ಸರದಿಯನ್ನು ಕಳುಹಿಸಿ ಆಡಬಹುದು, ಶತ್ರುವಿನ ಚಲನೆಯನ್ನು ಮರೆಮಾಡಬಹುದು, ಸಾಮಗ್ರಿ ತಲುಪದ ಪಡೆ ದಿನೇ ದಿನೇ ದುರ್ಬಲವಾಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ, ಭೂಪಟವನ್ನೂ ಪಡೆಗಳನ್ನೂ ನಡುವೆ ಒದಗುವ ಘಟನೆಗಳನ್ನೂ ಆಟಗಾರರೇ ರಚಿಸಿಕೊಳ್ಳಬಹುದು. ಒಂದು ಮನೆಯನ್ನು ೫ ಕಿಲೋಮೀಟರೆಂದು ಇಟ್ಟುಕೊಂಡರೆ ಹಿರಿಯೂರಿನಿಂದ ದುರ್ಗಕ್ಕೆ ಸುಮಾರು ಎಂಟು ಮನೆಗಳ ದಾರಿ. ಒಂದು ಸರದಿಯನ್ನು ಒಂದು ವಾರವೆಂದು ಇಟ್ಟುಕೊಂಡರೆ ಮೂರು ತಿಂಗಳ ಮುತ್ತಿಗೆ ಹನ್ನೆರಡು-ಹದಿಮೂರು ಸರದಿಗಳಲ್ಲಿ ಮುಗಿಯುತ್ತದೆ. ಈ ಮಿತಿಯೂ ಮುಖ್ಯ. ‘ವಾರ್ ಇನ್ ದಿ ಈಸ್ಟ್’ (೨೦೧೦) ಎಂಬ ಆಟದ ಪೂರ್ಣ ದಂಡಯಾತ್ರೆಗೆ ೨೦೦ಕ್ಕಿಂತ ಹೆಚ್ಚು ಸರದಿಗಳು ಬೇಕು. ಅಷ್ಟು ಕಾಲ ಜತೆಗೆ ನಿಲ್ಲುವ ದೂರದ ಎದುರಾಳಿ ದುರ್ಲಭ. ಅರ್ಧದಲ್ಲಿ ಬಿಟ್ಟ ಆಟದಿಂದ ಚರಿತ್ರೆಯೂ ಸಿಕ್ಕದು, ಸಂತೋಷವೂ ಸಿಕ್ಕದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಸಿದ್ಧವಾಗಿರುವ ಸುಂದರವಾದ ಆಟವನ್ನು ಬಿಟ್ಟು, ಶುಷ್ಕವಾದ ಆಟವೊಂದರಲ್ಲಿ ಭೂಪಟವನ್ನು ತಾವೇ ಬರೆದು ಆಡಬೇಕೆಂಬುದು ವಿದ್ಯಾರ್ಥಿಗಳಿಗೆ ಹೊರೆಯಲ್ಲವೇ? ಹೊರೆ ಹೌದು, ಆದರೆ ಅಭ್ಯಾಸವಿರುವುದೂ ಆ ಹೊರೆಯಲ್ಲಿಯೇ. ದುರ್ಗದ ಪಡೆಗೆ ಎಷ್ಟು ಬಲವನ್ನು ಕೊಡಬೇಕು, ಬೇಡರ ಪಡೆಗೂ ಬಾಡಿಗೆಯ ಪಡೆಗೂ ನಿಷ್ಠೆಯಲ್ಲಿ ಭೇದವಿಡಬೇಕೇ, ಯಾವ ದಾರಿಯಲ್ಲಿ ಎತ್ತಿನ ಬಂಡಿ ಹೋಗಬಲ್ಲುದು ಎಂದು ನಿರ್ಣಯಿಸಬೇಕಾದರೆ ಆಕರಗಳಿಗೆ ಹೋಗಲೇಬೇಕು. ಆಗ ವಿಲ್ಕ್ಸ್ ಇಂಗ್ಲಿಷರ ಸೈನ್ಯಾಧಿಕಾರಿಯೆಂಬುದೂ, ಕಿರ್ಮಾನಿ ಹೈದರ್-ಟಿಪ್ಪುಗಳ ಪಕ್ಷದವನೆಂಬುದೂ, ನಮ್ಮ ಬಖೈರುಗಳ ದೃಷ್ಟಿ ಬೇರೆಯೆಂಬುದೂ ಎದುರು ನಿಲ್ಲುತ್ತವೆ. ಪಕ್ಷಾಂತರ ಮಾಡಿದವರ ವಿಷಯದಲ್ಲಿ ಈ ಎಚ್ಚರ ವಿಶೇಷವಾಗಿ ಬೇಕು. ಆಕರದ ಒಂದು ವಾಕ್ಯವನ್ನು ಹಿಡಿದು ಒಂದು ಮತದವರೆಲ್ಲರಿಗೂ ಕಡಮೆ ನಿಷ್ಠೆಯ ಅಂಕ ಕೊಟ್ಟರೆ ಅದು ಆಟದ ಹೆಸರಿನಲ್ಲಿ ಬರೆದ ಕೆಟ್ಟ ಚರಿತ್ರೆಯಾಗುತ್ತದೆ. ಬಾಕಿ ಸಂಬಳ, ದೀರ್ಘವಾದ ಮುತ್ತಿಗೆ, ಗೆಲ್ಲುವವರ ಆಸೆ-ಆಮಿಷ ಇವು ಯಾವ ಬಾಡಿಗೆಯ ಪಡೆಯನ್ನೂ ಅಲುಗಾಡಿಸಬಲ್ಲವು. ಸಿದ್ಧವಾದ ಆಟದಲ್ಲಿ ಇಂತಹ ನಿರ್ಣಯಗಳನ್ನು ಬೇರೆ ಯಾರೋ ನಮಗೆ ಕಾಣದಂತೆ ಮಾಡಿಟ್ಟಿರುತ್ತಾರೆ. ನಾವೇ ರಚಿಸಿದಾಗ ಅವು ನಮ್ಮ ಹೊಣೆಯಾಗುತ್ತವೆ.

ಇನ್ನು ಎದುರಾಳಿಯ ಸ್ಥಾನವನ್ನು ಕುರಿತು ಒಂದು ಮಾತು. ಈ ಯುದ್ಧವನ್ನು ಇಬ್ಬರೇ ಆಡಿದರೆ ಅದರ ಸತ್ತ್ವ ಹೊರಟುಹೋಗುತ್ತದೆ; ಮೂವರು ಬೇಕು. ಹಿರಿಯೂರಿನವನು ಹೈದರನ ಪಕ್ಷವನ್ನೂ ಹೊಸದುರ್ಗದವನು ಪುಣೆಯ ಪಕ್ಷವನ್ನೂ ಚಿತ್ರದುರ್ಗದವನು ನಾಯಕನ ಪಕ್ಷವನ್ನೂ ವಹಿಸಲಿ, ಹೊಳಲ್ಕೆರೆಯವನು ಮಧ್ಯಸ್ಥನಾಗಲಿ. ಕಂಪ್ಯೂಟರಿನ ಆಟದಲ್ಲಿ ಪಕ್ಷಗಳು ಎರಡೇ. ಆದುದರಿಂದ ಪುಣೆಯ ಪಡೆಯನ್ನು ಅದರ ಆಟಗಾರನು ಬರೆದುಕೊಟ್ಟ ಅಪ್ಪಣೆಯಂತೆ ಮಧ್ಯಸ್ಥನು ನಡೆಸಬೇಕು. ಸರದಿಗಳ ನಡುವೆ ಆಟಗಾರರು ಒಬ್ಬರಿಗೊಬ್ಬರು ಬರೆಯುವ ಪತ್ರಗಳೆಲ್ಲವೂ ಅವನ ಮೂಲಕವೇ ಹೋಗಬೇಕು. ಪುಣೆಗೆ ಹೋಗುವ ಪತ್ರವನ್ನು ಅವನು ಒಂದೆರಡು ಸರದಿಗಳಷ್ಟು ತಡೆದಿಡಬೇಕು. ಪ್ರಷ್ಯದ ಮಧ್ಯಸ್ಥನ ಕೆಲಸವೂ ‘ಡಿಪ್ಲೊಮೆಸಿ’ಯ ಅಂಚೆಯ ಆಟದ ಕ್ರಮವೂ ಇಲ್ಲಿ ಒಂದುಗೂಡುತ್ತವೆ. ದುರ್ಗದ ಪಕ್ಷದವನು ಸಹಾಯ ಬೇಡಿ ಬರೆದು, ಉತ್ತರ ಬಾರದೆ, ಹೈದರನ ಕರಾರಿಗೆ ಒಪ್ಪಬೇಕೋ ಬೇಡವೋ ಎಂದು ತಿಳಿಯದೆ ಮೂರು ದಿನ ಕಳೆದರೆ, ೧೭೭೭ರ ಮದಕರಿನಾಯಕನು ಏಕೆ ಕಾದನೆಂಬ ಪ್ರಶ್ನೆ ಪಾಠಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅವನನ್ನು ಚಂಚಲನೆಂದು ನಿಂದಿಸುವುದಕ್ಕೂ, ಮೋಸಕ್ಕೆ ಬಲಿಯಾದ ವೀರನೆಂದು ಮಾತ್ರ ಹಾಡುವುದಕ್ಕೂ ಮೊದಲು ಅವನ ಇಕ್ಕಟ್ಟನ್ನು ತಿಳಿಯುವುದು ಸಾಧ್ಯವಾಗುತ್ತದೆ. ದೂರವನ್ನು ಒಂದು ಅನನುಕೂಲವೆಂದು ಎಣಿಸಿ ಅದನ್ನು ಅಳಿಸಿಹಾಕಲು ಯತ್ನಿಸುವ ಆಟಗಳಿಗಿಂತ, ದೂರವನ್ನೇ ಯುದ್ಧದ ಒಂದು ಅಂಗವಾಗಿ ಬಳಸಿಕೊಳ್ಳುವ ಆಟ ಈ ಕಾರಣದಿಂದಲೇ ಮೇಲಾದುದು.

ಇಷ್ಟಾದರೂ ಆಟದ ಎಲ್ಲೆಯನ್ನು ಮರೆಯಬಾರದು. ತ. ರಾ. ಸುಬ್ಬರಾಯರ ಕಾದಂಬರಿ ‘ದುರ್ಗಾಸ್ತಮಾನ’ವನ್ನು ಓದಿದವರು ಒಂದು ಸಂಸ್ಥಾನದ ಅಳಿವನ್ನು ಮನುಷ್ಯರ ಮೂಲಕ ಕಂಡಿರುತ್ತಾರೆ, ಬಿಲ್ಲೆಗಳಿಂದ ಆ ಕೆಲಸ ಆಗದು. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನ ಐತಿಹ್ಯಕ್ಕೆ ಯಾವ ಷಟ್ಕೋಣದಲ್ಲಿಯೂ ಸ್ಥಳವಿಲ್ಲ. ಪಡೆಗಳನ್ನು ಎಣಿಸುವ ಆಟಕ್ಕೆ ಕಾವಲುಗಾರನ ಹೆಂಡತಿ ಕಾಣಿಸುವುದಿಲ್ಲ. ಇದಕ್ಕಿಂತ ಗುರುತರವಾದುದು ಜಯಾಪಜಯಗಳ ಲೆಕ್ಕ. ಇಂತಹ ಆಟಗಳೆಲ್ಲ ಗೆಲವನ್ನು ಅಂಕಗಳಲ್ಲಿ ಅಳೆಯುತ್ತವೆ; ಕೋಟೆ ಕೈಗೆ ಬಂದೊಡನೆ ಪರದೆ ಬೀಳುತ್ತದೆ. ಆದರೆ ಈ ಸೀಮೆಯ ಜನರಿಗೆ ೧೭೭೯ರ ಮುಖ್ಯ ಘಟನೆ ಮೊದಲಾದುದು ಕೋಟೆ ಬಿದ್ದಮೇಲೆ. ಇಪ್ಪತ್ತು ಸಾವಿರ ಜನ ಮನೆಮಾರುಗಳನ್ನು ಬಿಟ್ಟು ಕಾವೇರಿಯ ದ್ವೀಪಕ್ಕೆ ನಡೆದರು. ಅವರ ಮಕ್ಕಳು ಬೇರೊಬ್ಬರ ಪಡೆಗಳಾದರು. ಈ ಸಂಖ್ಯೆಯನ್ನು ಗೆದ್ದವನ ಅಂಕದಲ್ಲಿ ಸೇರಿಸಬೇಕೇ, ಕಳೆಯಬೇಕೇ? ಆಟವನ್ನು ರಚಿಸುವ ವಿದ್ಯಾರ್ಥಿಗಳು ಮೊದಲೇ ಕುಳಿತು ಚರ್ಚಿಸಬೇಕಾದ ಪ್ರಶ್ನೆ ಇದು. ಕೊನೆಯ ಸರದಿಯಾದಮೇಲೆ ಇದಕ್ಕಾಗಿ ಇನ್ನೊಂದು ಸರದಿಯನ್ನು ಇಡಬಹುದು: ಪ್ರತಿಯೊಬ್ಬನೂ ಒಂದು ಪುಟ ಬರೆದು, ತನ್ನ ನಿರ್ಧಾರಗಳ ಬೆಲೆಯನ್ನು ಯಾರು ತೆತ್ತರೆಂಬುದನ್ನು ಹೇಳಬೇಕು, ಮಧ್ಯಸ್ಥನು ಆ ಪುಟಗಳನ್ನು ಎಲ್ಲರಿಗೂ ಕಳುಹಿಸಬೇಕು.

ಹೀಗೆ ವಿಚಾರ ಮಾಡಿದರೆ, ಯುದ್ಧದಾಟವನ್ನು ಆರಿಸುವವನು ಕೇಳಬೇಕಾದ ಮೊದಲ ಪ್ರಶ್ನೆ ಚಿತ್ರದ ಅಂದವನ್ನಾಗಲಿ ಆಯುಧಗಳ ಸಂಖ್ಯೆಯನ್ನಾಗಲಿ ಕುರಿತದ್ದಾಗಬಾರದು. ಆ ಯುದ್ಧವನ್ನು ನಿರ್ಣಯಿಸಿದುದು ಯಾವುದು, ಅದು ಈ ಆಟದಲ್ಲಿ ಇದೆಯೇ ಎಂದು ಕೇಳಬೇಕು. ದುರ್ಗದ ಮಟ್ಟಿಗೆ ಅದು ಕಾಲ, ಸುದ್ದಿ, ನಂಬಿಕೆ. ಇವು ಮೂರನ್ನೂ ತಕ್ಕಷ್ಟು ಒಳಗೊಳ್ಳುವ, ಹತ್ತು-ಹದಿನೈದು ಸರದಿಗಳಲ್ಲಿ ಮುಗಿಯುವ, ಭೂಪಟವನ್ನು ನಾವೇ ಬರೆಯಬಹುದಾದ ಓಲೆಯಾಟ ನಮ್ಮ ನಾಲ್ಕು ಊರುಗಳ ವಿದ್ಯಾರ್ಥಿಗಳಿಗೆ ಉಚಿತವಾದುದು. ಮಾಯಕೊಂಡ, ನಿಜಗಲ್ಲು, ಬಿದನೂರುಗಳನ್ನೂ ಇದೇ ಅಳತೆಗೋಲಿನಿಂದ ಅಳೆದು, ಒಂದೊಂದಕ್ಕೂ ಒಪ್ಪುವ ಆಟ ಯಾವುದೆಂದು ನಿರ್ಣಯಿಸುವ ಕೆಲಸ ಮುಂದಿನ ಅಭ್ಯಾಸಿಗಳಿಗೆ ಉಳಿದಿದೆ.